ಡಬ್ಬಿಯ ನೀರಿನಲ್ಲಿ ಸೂಜಿ, ತೆಂಗಿನ ಚಿಪ್ಪಿನಲ್ಲಿ ಭೂಮಿ

ಭೂಕವಚ, ಮ್ಯಾಂಟಲ್, ಕೇಂದ್ರಗೋಳ ಎಂದು ಬೋರ್ಡಿನ ಮೇಲೆ ಮೂರು ವೃತ್ತ ಎಳೆದು ವರ್ಷಗಟ್ಟಲೆ ಪಾಠ ಮಾಡಿದ್ದೇನೆ. ಇಳಿದು ನೋಡಲಾಗದ ಭೂಗರ್ಭದ ಬಗ್ಗೆ ನಾನೂರು ವರ್ಷ ಹಿಂದಿನವರು ಯಾವ ಆಧಾರದ ಮೇಲೆ ಮಾತಾಡಿದರು ಎಂಬುದು ಮಾತ್ರ ಕೈಯಾರೆ ಮಾಡಿ ನೋಡುವವರೆಗೂ ನನಗೆ ಹೊಳೆದಿರಲಿಲ್ಲ.

ಶುರು ಮಾಡಿದ್ದು ರಾಬರ್ಟ್ ನಾರ್ಮನ್‌ನಿಂದ. ಹಡಗಿನಲ್ಲಿ ದುಡಿದು, ಆಮೇಲೆ ಲಂಡನ್ನಿನಲ್ಲಿ ದಿಕ್ಸೂಚಿ ಮಾಡುತ್ತಿದ್ದವನು. ಸಮತೂಕಕ್ಕೆ ಕೂರಿಸಿದ ಸೂಜಿಯನ್ನು ಸೂಜಿಗಲ್ಲಿಗೆ ಉಜ್ಜಿದೊಡನೆ ಉತ್ತರದ ತುದಿ ಕೆಳಕ್ಕೆ ವಾಲುತ್ತಿತ್ತು. ಸರಿಮಾಡಲು ಕತ್ತರಿಸಹೋಗಿ ಒಂದು ಒಳ್ಳೆಯ ಸೂಜಿಯನ್ನೇ ಕೆಡಿಸಿಕೊಂಡ. ಆ ಸಿಟ್ಟಿನಲ್ಲೇ ಕಾರಣ ಹುಡುಕಲು ಕೂತ. 1581ರಲ್ಲಿ ಅವನು ಅಚ್ಚು ಹಾಕಿಸಿದ ಲೆಕ್ಕದಂತೆ ಲಂಡನ್ನಿನಲ್ಲಿ ಸಮಮಟ್ಟದಿಂದ ಕೆಳಕ್ಕೆ ಸೂಜಿಯ ಬಾಗು 71 ಡಿಗ್ರಿ 50 ಮಿನಿಟು (ಇಲ್ಲಿ ಮಿನಿಟು ಎಂದರೆ ಡಿಗ್ರಿಯ ಅರವತ್ತನೇ ಒಂದು ಪಾಲು).

ಅವನ ಬಿರಡೆಯ ಪ್ರಯೋಗವನ್ನು ಮೈಸೂರಿನ ನನ್ನ ಅಡುಗೆಮನೆಯಲ್ಲಿ ಮಾಡಿದೆ. ಬಿರಡೆಯ ನಟ್ಟನಡುವೆ ಸೂಜಿ ಹಾಯಿಸಿ, ತೇಲದೆ ಮುಳುಗದೆ ನೀರಿನ ಮಧ್ಯೆ ನಿಲ್ಲುವಷ್ಟು ಬಿರಡೆಯನ್ನು ಬ್ಲೇಡಿನಿಂದ ಹೆರೆಯಬೇಕು. ಒಂದು ಎಳೆ ಹೆಚ್ಚು ಹೆರೆದರೆ ತಳ ಸೇರುತ್ತದೆ. ನಲ್ಲಿ ನೀರಿನಲ್ಲಾದರೆ ಗುಳ್ಳೆಗಳು ಬಿರಡೆಗೆ ಮೆತ್ತಿಕೊಂಡು ಐದು ನಿಮಿಷಕ್ಕೆಲ್ಲ ಮೇಲೆ ಬರುತ್ತದೆ. ಕೊನೆಗೆ ಕೈಹಿಡಿದದ್ದು ಕಾಯಿಸಿ ಆರಿಸಿದ ನೀರು, ಮತ್ತು ತಳದಲ್ಲಿ ಕರಗಿಸಿದ ಒಂದಿಷ್ಟು ಉಪ್ಪು: ಕೆಳಗಿನ ನೀರು ಭಾರವಾಗಿ ಸೂಜಿ ನಡುವಿನಲ್ಲೇ ನಿಂತಿತು. ಗುಂಡನೆಯ ಲೋಟ ಬೇಡ, ಕೋನ ತಪ್ಪಾಗಿ ಕಾಣುತ್ತದೆ. ಚೌಕ ಡಬ್ಬಿಯೇ ಸರಿ.

ಆಮೇಲೆ ಸೂಜಿಯನ್ನು ತೆಗೆದು ಅಯಸ್ಕಾಂತಕ್ಕೆ ಉಜ್ಜಿ ಮತ್ತೆ ಬಿಟ್ಟೆ. ಮೆಲ್ಲಗೆ ಉತ್ತರಕ್ಕೆ ತಿರುಗಿ ಕೊಂಚ ತಲೆಬಾಗಿಸಿತು. ಆದರೆ ತಳಕ್ಕೆ ಹೋಗಲಿಲ್ಲ. ನಾರ್ಮನ್ ಕಂಡದ್ದೂ ಇದನ್ನೇ: ಯಾವುದೋ ಅದನ್ನು ಎಳೆಯುತ್ತಿದ್ದರೆ ಇಡೀ ಸೂಜಿ ಕೆಳಗಿಳಿಯಬೇಕಿತ್ತು. ಇದು ಎಳೆತವಲ್ಲ, ಬರೀ ತಿರುವು.

ಶಾಲೆಯಲ್ಲಿ ತೋರಿಸಿದಾಗ ಒಬ್ಬಳು ಕೇಳಿದಳು: "ಸರ್, ಲಂಡನ್ನಲ್ಲಿ ಎಪ್ಪತ್ತು ಡಿಗ್ರಿ ಅಂದ್ರಿ, ನಮ್ಮಲ್ಲಿ ಹತ್ತೋ ಹನ್ನೆರಡೋ ಅಷ್ಟೇ ಬಾಗಿದೆಯಲ್ಲ?"

ಆ ಪ್ರಶ್ನೆಗೆ ಇಂಗ್ಲೆಂಡಿನ ವೈದ್ಯ ವಿಲಿಯಂ ಗಿಲ್ಬರ್ಟ್ 1600ರಲ್ಲೇ ಉತ್ತರ ಕೊಟ್ಟಿದ್ದ. ಸೂಜಿಗಲ್ಲನ್ನು ಚೆಂಡಿನಂತೆ ಕಡೆದು, ಅದರ ಮೇಲೆ ಪುಟ್ಟ ಸೂಜಿ ಓಡಾಡಿಸಿ, ಭೂಮಿಯೇ ಒಂದು ದೊಡ್ಡ ಅಯಸ್ಕಾಂತ ಎಂದ. ನಾನು ಜೇಡಿಮಣ್ಣಿನ ಉಂಡೆಯೊಳಗೆ ಗಿಡ್ಡ ಅಯಸ್ಕಾಂತ ಹುದುಗಿಸಿ, ಸೂಜಿಯ ತುಂಡೊಂದನ್ನು ನೂಲಿಗೆ ಕಟ್ಟಿ ಇಳಿಬಿಟ್ಟೆ. ಉಂಡೆಯ ನಡುಗೆರೆಯಲ್ಲಿ ಮಲಗಿತು, ಧ್ರುವದಲ್ಲಿ ನೆಟ್ಟಗೆ ನಿಂತಿತು, ಲಂಡನ್ನಿನ ಅಕ್ಷಾಂಶದಲ್ಲಿ ಕಡಿದಾಗಿ ಬಾಗಿತು. ಸೂಜಿ ಮಲಗುವ ಆ ಗೆರೆ ಭಾರತದ ದಕ್ಷಿಣ ತುದಿಯ ಹತ್ತಿರವೇ ಹಾದುಹೋಗುತ್ತದೆ. ನಾರ್ಮನ್ ಮೈಸೂರಿನಲ್ಲಿ ಅಂಗಡಿ ಇಟ್ಟಿದ್ದರೆ ಸೂಜಿ ಕೆಡುವ ಪ್ರಮೇಯವೇ ಬರುತ್ತಿರಲಿಲ್ಲವೇನೋ.

ಗಿಲ್ಬರ್ಟನ ಗಟ್ಟಿ ಅಯಸ್ಕಾಂತಕ್ಕೆ ಒಂದು ತೊಡಕು ಬಂತು. ಲಂಡನ್ನಿನಲ್ಲಿ 1580ರಲ್ಲಿ ಸೂಜಿ ನೇರ ಉತ್ತರದಿಂದ 11 ಡಿಗ್ರಿ 15 ಮಿನಿಟು ಪೂರ್ವಕ್ಕಿತ್ತು. 1657ಕ್ಕೆ ಸರಿಯಾಗಿ ಉತ್ತರಕ್ಕೆ ಬಂತು. 1692ಕ್ಕೆ 6 ಡಿಗ್ರಿ ಪಶ್ಚಿಮಕ್ಕೆ ಹೋಯಿತು. ಕಲ್ಲಿನಂಥ ಭೂಮಿಯೊಳಗೆ ಚಲಿಸುವುದಾದರೂ ಏನು? ಖಗೋಳಜ್ಞ ಎಡ್ಮಂಡ್ ಹ್ಯಾಲಿ 1692ರಲ್ಲಿ ಹೇಳಿದ: ನಾವು ನಿಂತಿರುವುದು 500 ಮೈಲಿ ದಪ್ಪದ ಚಿಪ್ಪಿನ ಮೇಲೆ, ಒಳಗೆ ಬೇರೆ ಗೋಳವಿದೆ, ಅದಕ್ಕೆ ಅದರದೇ ಧ್ರುವಗಳಿವೆ, ಅದು ತುಸು ನಿಧಾನವಾಗಿ ತಿರುಗುತ್ತದೆ. ಚಂದ್ರ ಭೂಮಿಗಿಂತ ಬಹಳ ಸಾಂದ್ರ ಎಂಬ ನ್ಯೂಟನ್ನನ ತಪ್ಪು ಲೆಕ್ಕವೂ ಪೊಳ್ಳು ಭೂಮಿಗೆ ಒತ್ತಾಸೆಯಾಯಿತು: ಭೂಮಿ ಅಷ್ಟು ಹಗುರವಾದರೆ ಒಳಗೆ ಟೊಳ್ಳಿರಲೇಬೇಕಲ್ಲ. ಇದನ್ನು ಕಟ್ಟುಕತೆಯೆಂದು ನಗುವವರ ಜತೆ ನಾನು ಸೇರುವುದಿಲ್ಲ. ಒಳಗೆ ಏನೋ ಚಲಿಸುತ್ತಿದೆ ಎಂಬ ಅವನ ತೀರ್ಮಾನ ಸರಿಯಿತ್ತು. ಅದು ಕರಗಿದ ಕಬ್ಬಿಣ ಎಂಬುದು ಬಹಳ ಆಮೇಲೆ ತಿಳಿಯಿತು.

ಹ್ಯಾಲಿಯ ಭೂಮಿಯನ್ನು ತೆಂಗಿನ ಚಿಪ್ಪಿನಲ್ಲಿ ಮಾಡಿದೆ. ಚಿಪ್ಪಿನ ಎರಡು ಕೊನೆಗೆ ಪುಟ್ಟ ಅಯಸ್ಕಾಂತಗಳು. ಒಳಗೆ ಊದುಬತ್ತಿ ಕಡ್ಡಿಗೆ ಚುಚ್ಚಿದ ಮಣ್ಣಿನ ಉಂಡೆ, ಅದರಲ್ಲಿ ಓರೆಯಾಗಿ ಇನ್ನೊಂದು ಅಯಸ್ಕಾಂತ. ಮೊದಲು ಹಾಕಿದ್ದು ತೀರಾ ಬಲವಾಗಿ ಸೂಜಿ ಗಿರ್ರನೆ ಸುತ್ತಿಬಿಟ್ಟಿತು. ಸಣ್ಣದನ್ನು ಹಾಕಿ, ದಿಕ್ಸೂಚಿಯನ್ನು ಚಿಪ್ಪಿನ ಮೇಲಿಟ್ಟು, ಕಡ್ಡಿಯನ್ನು ಆ ಹುಡುಗಿಯ ಕೈಗೇ ಕೊಟ್ಟೆ. ಅವಳು ಕೂದಲೆಳೆಯಷ್ಟು ತಿರುಗಿಸುತ್ತಾ ಹೋದಳು. ಪೂರ್ವಕ್ಕೆ ವಾಲಿದ್ದ ಸೂಜಿ ಉತ್ತರಕ್ಕೆ ಬಂದು, ಅದನ್ನೂ ದಾಟಿ, ಪಶ್ಚಿಮದ ಕಡೆ ನಿಂತಿತು.