ಬಾಕ್ಸಿಂಗ್ ಶುರು ಮಾಡ್ತೀರಾ? ಹುಬ್ಬಳ್ಳಿ-ಧಾರವಾಡದ ಹುಡುಗ ಹುಡುಗಿಯರಿಗೆ

ಮೊದಲೇ ಗ್ಲೌಸ್ ಕೊಳ್ಳಬೇಡಿ. ಒಂದು ಸ್ಕಿಪ್ಪಿಂಗ್ ಹಗ್ಗ, ಕೈಗೆ ಸುತ್ತುವ 4.5 ಮೀಟರ್ ಪಟ್ಟಿ ಒಂದು ಜೊತೆ, ಇಷ್ಟಿದ್ದರೆ ಶುರುವಿಗೆ ಸಾಕು. ನಮ್ಮ ಕಡೆ ಗರಡಿಯಲ್ಲಿ ಬೆಳೆದವರಿಗೆ ತೋಳು, ಕುತ್ತಿಗೆ ಗಟ್ಟಿ ಇರುತ್ತವೆ, ನಿಜ. ಆದರೆ ಕುಸ್ತಿಯಲ್ಲಿ ಎದುರಾಳಿಯನ್ನು ಹಿಡಿಯಬೇಕು, ಇಲ್ಲಿ ಹಿಡಿದರೆ ರೆಫರಿ ಎಚ್ಚರಿಸುತ್ತಾರೆ, ಮತ್ತೆ ಮತ್ತೆ ಹಿಡಿದರೆ ಪಾಯಿಂಟೇ ಹೋಗುತ್ತದೆ. ಹಾಗಾಗಿ ಮೊದಲ ಕೆಲವು ತಿಂಗಳು ಬರೀ ಕಾಲಿನ ಕೆಲಸ, ಜೊತೆಗೆ ಜ್ಯಾಬ್ (ಮುಂದಿನ ಕೈಯ ನೇರ ಹೊಡೆತ). ಮುಂದೆ ಹೋಗುವಾಗ ಮುಂದಿನ ಕಾಲು ಮೊದಲು, ಹಿಂದೆ ಸರಿಯುವಾಗ ಹಿಂದಿನದು ಮೊದಲು. ವಿಡಿಯೋ ನೋಡಿ ಸುಮ್ನೆ ಹುಕ್ (ಮೊಣಕೈ ಮಡಚಿ ಪಕ್ಕದಿಂದ ಹೊಡೆಯುವ ಹೊಡೆತ) ಬೀಸಬೇಡಿ, ಮಣಿಕಟ್ಟು ಉಳುಕುತ್ತದೆ. ಸ್ಪಾರಿಂಗ್ (ಜೊತೆಗಾರರೊಂದಿಗೆ ಅಭ್ಯಾಸದ ಹೊಡೆದಾಟ) ಶುರುವಾದ ಮೇಲೆ ಮೌತ್‌ಗಾರ್ಡ್ ಇಲ್ಲದೆ ರಿಂಗ್ ಹತ್ತಲೇಬೇಡಿ.

ತೂಕದ ಲೆಕ್ಕ ಇನ್ನೊಂದು. ಬೌಟ್ (ಪಂದ್ಯ) ಇರುವ ದಿನ ಬೆಳಿಗ್ಗೆ, ನಿಮ್ಮ ತೂಕದ ವಿಭಾಗದ ಮಿತಿ ದಾಟಿಲ್ಲವೇ ಅಂತ ತೂಕ ನೋಡುತ್ತಾರೆ. 2024ರಲ್ಲಿ ಪ್ಯಾರಿಸ್‌ನಲ್ಲಿ ಕುಸ್ತಿಪಟು ವಿನೇಶ್ ಫೋಗಟ್‌ಗೆ 100 ಗ್ರಾಂ ಜಾಸ್ತಿಯಾಗಿ ಫೈನಲ್ ಕೈತಪ್ಪಿದ್ದು ನೆನಪಿದೆ ಅಲ್ವಾ? ಕೊನೇ ಗಳಿಗೆಯಲ್ಲಿ ನೀರು ಬಿಟ್ಟು ತೂಕ ಇಳಿಸಿದವರಿಗೆ ರಿಂಗ್‌ನಲ್ಲಿ ಉಸಿರೇ ಇರುವುದಿಲ್ಲ. ಜೋಳದ ರೊಟ್ಟಿ, ಕಾಳು ಪಲ್ಯ ಬಿಡಬೇಕಿಲ್ಲ, ಸಂಜೆಯ ಗಿರ್ಮಿಟ್-ಮಿರ್ಚಿ ಬಿಡಿ (ಕಷ್ಟ, ಗೊತ್ತು).

ಹಿರಿಯರ ಬೌಟ್ ಅಂದರೆ 3 ನಿಮಿಷದ 3 ರೌಂಡ್, ನಡುವೆ 1 ನಿಮಿಷ ಬಿಡುವು. ರೌಂಡ್ ಗೆದ್ದವರಿಗೆ 10, ಸೋತವರಿಗೆ ಸಾಮಾನ್ಯವಾಗಿ 9. ಜೋರು ಹೊಡೆತಕ್ಕಿಂತ ಗ್ಲೌಸಿನ ಗೆಣ್ಣಿನ ಭಾಗ ಸರಿಯಾಗಿ ತಾಗಿದ ಹೊಡೆತಕ್ಕೆ ಬೆಲೆ. ಹಿರಿಯ ಪುರುಷರಿಗೆ 2013ರಿಂದ ಹೆಡ್‌ಗಾರ್ಡ್ ಇಲ್ಲ, ಗದ್ದ ಕೆಳಗಿಟ್ಟು ಆಡುವುದನ್ನು ಈಗಲೇ ಕಲಿಯಿರಿ.

ಜಿಲ್ಲೆ, ರಾಜ್ಯ, ನ್ಯಾಷನಲ್ಸ್, ಆಮೇಲೆ ರಾಷ್ಟ್ರೀಯ ಕ್ಯಾಂಪ್: ದಾರಿ ಇದು. ನಿಶಾಂತ್ ದೇವ್ ಅವರನ್ನೇ ನೋಡಿ. ಹರಿಯಾಣದ ಕರ್ನಾಲ್‌ನವರು, ತರಬೇತಿ ಪಡೆದದ್ದು ಬಳ್ಳಾರಿ ಜಿಲ್ಲೆಯ ತೋರಣಗಲ್ಲು ಬಳಿ ವಿಜಯನಗರದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್‌ನಲ್ಲಿ, ನ್ಯಾಷನಲ್ಸ್ ಆಡಿದ್ದು ಕರ್ನಾಟಕಕ್ಕೆ. 2023ರಲ್ಲಿ ತಾಷ್ಕೆಂಟ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕಂಚು. ಪ್ಯಾರಿಸ್ ಒಲಿಂಪಿಕ್ಸ್ ಕ್ವಾರ್ಟರ್ ಫೈನಲ್‌ನಲ್ಲಿ ಐವರು ಜಡ್ಜ್‌ಗಳಲ್ಲಿ ನಾಲ್ವರು ಮೆಕ್ಸಿಕೋದ ಮಾರ್ಕೊ ವೆರ್ಡೆ ಕಡೆ ನಿಂತರು, ಪದಕ ತಪ್ಪಿತು. ಅವರು ಅಷ್ಟು ದೂರದಿಂದ ಬಂದರು. ನಮಗೋ ಗದಗ, ಕೊಪ್ಪಳ, ಹೊಸಪೇಟೆ ದಾಟಿದರೆ ಅದೇ ರೈಲು ಮಾರ್ಗದಲ್ಲಿ ತೋರಣಗಲ್ಲು.

ಇನ್ನು ಕಾಗದಪತ್ರ. ವಯಸ್ಸಿನ ವಿಭಾಗ ನಿಂತಿರುವುದೇ ಹುಟ್ಟಿದ ದಿನಾಂಕದ ಮೇಲೆ, ಹಾಗಾಗಿ ಜನನ ಪ್ರಮಾಣಪತ್ರ, ಮಾರ್ಕ್ಸ್ ಕಾರ್ಡ್, ಆಧಾರ್ ಮೂರರಲ್ಲೂ ಹೆಸರು, ತಾರೀಖು ಒಂದೇ ಇರಲಿ. ಪಾಸ್‌ಪೋರ್ಟ್ ಸೇವಾ ಕೇಂದ್ರ ಹುಬ್ಬಳ್ಳಿಯಲ್ಲೇ ಇದೆ, ತಂಡಕ್ಕೆ ಆಯ್ಕೆಯಾಗಲಿ ಅಂತ ಕಾಯಬೇಡಿ, ಮೊದಲೇ ಮಾಡಿಸಿಡಿ.