ಮದರ್‌ಬೋರ್ಡ್ ಬದಲಾಯಿತು, ಆಫೀಸ್ ಲ್ಯಾಪ್‌ಟಾಪ್ ಬೀಗ ಹಾಕಿಕೊಂಡಿತು: ನನ್ನ ಅನುಭವ

ಆಫೀಸ್ ಲ್ಯಾಪ್‌ಟಾಪ್ ಆನ್ ಮಾಡಿದಾಗ ಬಿಟ್‌ಲಾಕರ್‌ನ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ವ್ಯವಸ್ಥೆ) ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳುತ್ತಿದೆಯಾ? ಹಾಗಾದರೆ ಮೊದಲು ಒಂದು ಮಾತು. ಯಾರು ಏನೇ ಹೇಳಲಿ, ಫಾರ್ಮ್ಯಾಟ್ ಮಾಡಲು ಬಿಡಬೇಡಿ. ಬೀಗ ಬಿದ್ದಿದೆ ಅಷ್ಟೇ, ಒಳಗಿನ ಫೈಲುಗಳು ಎಲ್ಲೂ ಹೋಗಿಲ್ಲ. ಕಂಪನಿ ಕೊಟ್ಟ ಲ್ಯಾಪ್‌ಟಾಪ್ ಆದರೆ ಅದರ ಕೀ ಹೆಚ್ಚಾಗಿ ಕಂಪನಿ ಹತ್ತಿರವೇ ಇರುತ್ತದೆ.

ನಾನು ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಿಂದಲೇ ಬೆಂಗಳೂರಿನ ಕಂಪನಿಗೆ ಕೆಲಸ ಮಾಡುತ್ತೇನೆ. ಮಳೆಗಾಲಕ್ಕೆ ಮುಂಚಿನ ಗುಡುಗು ಸಿಡಿಲು ನಮ್ಮ ಕಡೆ ಹೇಗಿರುತ್ತದೆ ಅಂತ ಮಲೆನಾಡಿನವರಿಗೆ ಹೇಳಬೇಕಿಲ್ಲ. ಅಂಥದ್ದೊಂದು ಸಿಡಿಲಿಗೆ ನನ್ನ ಲ್ಯಾಪ್‌ಟಾಪಿನ ಮದರ್‌ಬೋರ್ಡ್ ಹೋಯಿತು. ಶಿವಮೊಗ್ಗದಿಂದ ಸರ್ವಿಸ್‌ನವರು ಬಂದು ಹೊಸದು ಹಾಕಿದರು. ಫೈಲುಗಳಿರುವ ಡಿಸ್ಕ್, ಅಂದರೆ ಎಸ್‌ಎಸ್‌ಡಿಗೆ ಏನೂ ಆಗಿರಲಿಲ್ಲ, ಹಳೆಯದನ್ನೇ ಜೋಡಿಸಿದರು. ಆನ್ ಮಾಡಿದ ಕೂಡಲೇ ನೀಲಿ ಪರದೆ.

ಯಾಕೆ ಹೀಗಾಗುತ್ತದೆ ಅಂತ ತಿಳಿದರೆ ಅರ್ಧ ತಲೆಬಿಸಿ ಇಳಿಯುತ್ತದೆ. ಮದರ್‌ಬೋರ್ಡಿನಲ್ಲಿ ಟಿಪಿಎಂ ಅನ್ನುವ ಭಾಗ ಇರುತ್ತದೆ. ಡಿಸ್ಕ್ ತೆರೆಯುವ ಕೀಯನ್ನು ಕಾಯುವುದು ಅದೇ. ಪ್ರತಿ ಸಲ ಆನ್ ಮಾಡಿದಾಗಲೂ ಸೆಕ್ಯೂರ್ ಬೂಟ್ (ನಂಬಿಕಸ್ಥ ತಂತ್ರಾಂಶದಿಂದಲೇ ಶುರುವಾಗುವಂತೆ ನೋಡಿಕೊಳ್ಳುವ ಕಾವಲು), ಬೂಟ್ ಆಗುವ ಅಂದರೆ ಶುರುವಾಗುವ ಕ್ರಮ ಇವೆಲ್ಲ ಮೊದಲಿನಂತೆಯೇ ಇವೆಯಾ ಅಂತ ತಾಳೆ ನೋಡಿ, ಸರಿ ಇದ್ದರೆ ಸದ್ದಿಲ್ಲದೆ ಕೀ ಕೊಡುತ್ತದೆ. ಏನಾದರೂ ಬದಲಾಗಿದ್ದರೆ ಕೊಡುವುದಿಲ್ಲ. ಬಯೋಸ್ (ವಿಂಡೋಸ್‌ಗೂ ಮೊದಲು ಓಡುವ, ಮದರ್‌ಬೋರ್ಡಿನಲ್ಲೇ ಇರುವ ತಂತ್ರಾಂಶ) ಅಪ್‌ಡೇಟ್ ಆದ ಮೇಲೂ ಕೆಲವರಿಗೆ ಈ ಪರದೆ ಬರುವುದು ಇದೇ ಕಾರಣಕ್ಕೆ. ನನ್ನ ವಿಷಯದಲ್ಲಂತೂ ಟಿಪಿಎಂ ಇಡಿಯಾಗಿ ಹೊಸದು. ಈ ಡಿಸ್ಕಿನ ಪರಿಚಯವೇ ಅದಕ್ಕಿರಲಿಲ್ಲ.

ಪಕ್ಕದ ಮನೆಯ ಅಣ್ಣ ಬಂದು ನೋಡಿ, "ಇದಕ್ಕೆಲ್ಲ ಯಾಕೆ ತಲೆಬಿಸಿ ಮಾರಾಯ, ಶಿವಮೊಗ್ಗಕ್ಕೆ ತಗೊಂಡು ಹೋಗು, ಅಂಗಡಿಯಲ್ಲಿ ತೆಗೆದುಕೊಡ್ತಾರೆ" ಅಂದರು. ಕಾಳಜಿಯಿಂದಲೇ ಹೇಳಿದ್ದು. ಆದರೆ ಕೀ ಇಲ್ಲದೆ ಈ ಬೀಗ ತೆಗೆಯುವುದು ಯಾವ ಅಂಗಡಿಯವರ ಕೈಲೂ ಆಗುವುದಿಲ್ಲ. ಅವರು ಮಾಡಬಹುದಾದ್ದು ಎಲ್ಲ ಅಳಿಸಿ ಹೊಸ ವಿಂಡೋಸ್ ಹಾಕುವುದು. ಬೀಗ ಇಷ್ಟು ಗಟ್ಟಿ ಇರುವುದು ಒಳ್ಳೆಯದೇ. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುವಾಗ ಬ್ಯಾಗ್ ಕಳುವಾದರೆ ನನ್ನ ಗ್ರಾಹಕರ ಲೆಕ್ಕಪತ್ರ ಇನ್ನೊಬ್ಬರ ಕೈಗೆ ಸಿಗಬಾರದು ಅಲ್ವಾ?

ನೀಲಿ ಪರದೆಯಲ್ಲೇ ಕೀ ಐಡಿ ಅಂತ ಇರುತ್ತದೆ. ಅಂಕಿ, ಇಂಗ್ಲಿಷ್ ಅಕ್ಷರ ಸೇರಿದ ಉದ್ದನೆಯ ಗುರುತು. ಅದರ ಫೋಟೋ ತೆಗೆದುಕೊಂಡೆ. ಮೊದಲ 8 ಗುರುತು ಸಿಕ್ಕರೆ ಸಾಕು, ಯಾವ ಕೀ ಬೇಕು ಅಂತ ಗೊತ್ತಾಗುತ್ತದೆ. ಒಂದೇ ಹೆಸರಿನಲ್ಲಿ ಎರಡು ಮೂರು ಕೀ ಇರಬಹುದು, ಹಾಗಾಗಿ ಇದು ಬೇಕೇ ಬೇಕು.

ಆಮೇಲೆ ಫೋನ್ ಹಿಡಿದು ಗುಡ್ಡ ಹತ್ತಿದೆ. ಸರಿಯಾಗಿ ನೆಟ್‌ವರ್ಕ್ ಸಿಗುವುದು ಅಲ್ಲೇ. ಫೋನಿನ ಬ್ರೌಸರಿನಲ್ಲಿ ಆಫೀಸಿನ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ, ಡಿವೈಸಸ್ ವಿಭಾಗದಲ್ಲಿ ನನ್ನ ಲ್ಯಾಪ್‌ಟಾಪ್ ಹುಡುಕಿದೆ. ಕಂಪನಿ ಅನುಮತಿ ಕೊಟ್ಟಿದ್ದರೆ ಬಿಟ್‌ಲಾಕರ್ ಕೀ ಅಲ್ಲೇ ಕಾಣುತ್ತದೆ, ಯಾರನ್ನೂ ಕೇಳಬೇಕಿಲ್ಲ. ನಮ್ಮಲ್ಲಿ ಕೊಟ್ಟಿರಲಿಲ್ಲ. ಹಾಗಾಗಿ ಹೆಲ್ಪ್‌ಡೆಸ್ಕಿಗೆ ಫೋನ್ ಮಾಡಬೇಕಾಯಿತು. ಅವರು ಉದ್ಯೋಗಿ ಸಂಖ್ಯೆ ಕೇಳಿದರು, ಮ್ಯಾನೇಜರ್ ಕಡೆಯಿಂದ ಖಾತ್ರಿ ಮಾಡಿಕೊಂಡರು. ಹೊತ್ತು ಹಿಡಿಯಿತು. ಕೇಳಿದವರಿಗೆಲ್ಲ ಕೀ ಓದಿ ಹೇಳುವ ಹೆಲ್ಪ್‌ಡೆಸ್ಕ್‌ಗಿಂತ ಇದು ಎಷ್ಟೋ ವಾಸಿ.

ಕೀ ಓದುವಾಗ ಮಾತು ಕಡಿದು ಕಡಿದು ಬರುತ್ತಿತ್ತು. ಇಂಗ್ಲಿಷಿನ ಫೈವ್, ನೈನ್ ಎರಡೂ ಒಂದೇ ಥರ ಕೇಳುತ್ತವೆ. "ಮೇಡಂ, ಕನ್ನಡದಲ್ಲೇ ಒಂದೊಂದೇ ಅಂಕಿ ಹೇಳ್ತೀರಾ?" ಅಂದೆ. ಖುಷಿಯಿಂದ ಹೇಳಿದರು.

ಇಲ್ಲಿ ಒಂದು ವಿಷಯ ತುಂಬಾ ಉಪಯೋಗಕ್ಕೆ ಬಂತು. ಈ 48 ಅಂಕಿ ಅಂದರೆ ಆರಾರು ಅಂಕಿಯ 8 ಗುಂಪು. ಪ್ರತಿ ಗುಂಪೂ 11ರಿಂದ ಶೇಷವಿಲ್ಲದೆ ಭಾಗವಾಗಬೇಕು, ಅದನ್ನು ಮಾಡಿರುವುದೇ ಹಾಗೆ. ಉದಾಹರಣೆಗೆ 418275 ಅಂತ ಇಟ್ಟುಕೊಳ್ಳಿ (ನನ್ನ ಕೀ ಅಲ್ಲ). ಒಂದು ಬಿಟ್ಟು ಒಂದು ಅಂಕಿ ಕೂಡಿಸಿ: 4, 8, 7 ಸೇರಿ 19. ಉಳಿದ 1, 2, 5 ಸೇರಿ 8. ವ್ಯತ್ಯಾಸ 11. ವ್ಯತ್ಯಾಸ 0 ಅಥವಾ 11 ಅಥವಾ 22 ಬಂದರೆ ಗುಂಪು ಸರಿ. 8ನ್ನು 6 ಅಂತ ಕೇಳಿಸಿಕೊಂಡಿದ್ದರೆ ವ್ಯತ್ಯಾಸ 9 ಬರುತ್ತದೆ, ತಪ್ಪು ಅಂತ ತಕ್ಷಣ ಗೊತ್ತಾಗುತ್ತದೆ. ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೂ ಸಿಕ್ಕಿಬೀಳುತ್ತದೆ. ಗುಡ್ಡದ ಮೇಲೆ ನಿಂತೇ ಫೋನಿನ ಕ್ಯಾಲ್ಕುಲೇಟರಿನಲ್ಲಿ ಎಂಟೂ ಗುಂಪನ್ನು 11ರಿಂದ ಭಾಗಿಸಿ ನೋಡಿದೆ. ಒಂದು ಗುಂಪು ಕೂಡಿಬರಲಿಲ್ಲ. ಲೈನ್ ಇಡುವ ಮೊದಲೇ ಅದೊಂದನ್ನು ಇನ್ನೊಮ್ಮೆ ಹೇಳಿಸಿಕೊಂಡೆ. ಇಲ್ಲದಿದ್ದರೆ ಮನೆಗಿಳಿದು ಮತ್ತೆ ಗುಡ್ಡ ಹತ್ತಬೇಕಿತ್ತು.

ಮನೆಗೆ ಬಂದು ಟೈಪ್ ಮಾಡಿದೆ, ವಿಂಡೋಸ್ ತೆರೆಯಿತು. ನಿಮ್ಮ ಕೀಬೋರ್ಡಿನ ಅಂಕಿ ಕೀಗಳು ಆ ಪರದೆಯಲ್ಲಿ ಕೆಲಸ ಮಾಡದಿದ್ದರೆ ಎಫ್1ರಿಂದ ಎಫ್9 ಒತ್ತಿ, ಸೊನ್ನೆಗೆ ಎಫ್10.

ಇಲ್ಲಿಗೇ ಬಿಟ್ಟರೆ ಪ್ರತಿ ಸಲ ಆನ್ ಮಾಡಿದಾಗಲೂ ಅದೇ 48 ಅಂಕಿ ಕೇಳುತ್ತದೆ. ಹೊಸ ಟಿಪಿಎಂಗೆ ಡಿಸ್ಕಿನ ಜೊತೆ ನಂಟು ಹಾಕಬೇಕು. ಇದಕ್ಕೆ ಅಡ್ಮಿನ್ ಅಧಿಕಾರ ಬೇಕು, ಹಾಗಾಗಿ ಐಟಿಯವರೇ ದೂರದಿಂದ ಕೂತು ಹಳೆಯ ಟಿಪಿಎಂ ನಮೂದು ತೆಗೆದು ಹೊಸದನ್ನು ಸೇರಿಸಿದರು. ವಿಂಡೋಸ್ ಪಿನ್ ಕೂಡ ಕೆಲಸ ಮಾಡಲಿಲ್ಲ, ಅದೂ ಹಳೆಯ ಟಿಪಿಎಂನಲ್ಲೇ ಇತ್ತು. ಪಾಸ್‌ವರ್ಡಿನಿಂದ ಒಳಗೆ ಹೋಗಿ ಹೊಸ ಪಿನ್ ಹಾಕಿಕೊಂಡೆ. ನಿಮ್ಮ ಪಾಸ್‌ವರ್ಡ್ ನಿಮಗೆ ನೆನಪಿದೆಯಾ ಅಂತ ಈಗಲೇ ನೋಡಿಕೊಳ್ಳಿ. ದಿನಾ ಪಿನ್ ಹಾಕುವವರಿಗೆ ಅದು ಮರೆತೇ ಹೋಗಿರುತ್ತದೆ.

ಆ ಕೀ ಬರೆದ ಚೀಟಿಯನ್ನು ಒಲೆಗೆ ಹಾಕಿದೆ. ಒಮ್ಮೆ ಬಳಸಿದ ಮೇಲೆ ತಾನೇ ಬದಲಾಗುವಂತೆ ನಮ್ಮ ಕಂಪನಿ ವ್ಯವಸ್ಥೆ ಮಾಡಿದೆ, ಇಟ್ಟುಕೊಂಡು ಪ್ರಯೋಜನವೂ ಇಲ್ಲ. ಇನ್ನು ಮುಂದೆ ರಿಪೇರಿಗೆ ಅಂತ ಯಾರಾದರೂ ಬರುವುದಿದ್ದರೆ, ಅಥವಾ ಬಯೋಸ್ ಅಪ್‌ಡೇಟ್ ಇದ್ದರೆ, ಹಿಂದಿನ ದಿನವೇ ಐಟಿಯವರಿಗೆ ಹೇಳಿ ಬಿಟ್‌ಲಾಕರ್ ಸಸ್ಪೆಂಡ್ ಮಾಡಿಸುತ್ತೇನೆ, ಅಂದರೆ ಸ್ವಲ್ಪ ಹೊತ್ತು ತಡೆಹಿಡಿಸುತ್ತೇನೆ. ಮುಗಿದ ಮೇಲೆ ಮತ್ತೆ ಶುರು ಮಾಡಿಸುತ್ತೇನೆ. ಲ್ಯಾಪ್‌ಟಾಪ್ ಆನ್ ಆಗದಷ್ಟು ಕೆಟ್ಟಿದ್ದರೆ ಸಸ್ಪೆಂಡ್ ಮಾಡಲು ಬರುವುದಿಲ್ಲ. ಆಗ ಸರ್ವಿಸ್‌ನವರು ಮನೆಗೆ ಬರುವ ಮೊದಲೇ ಕೀ ತರಿಸಿಟ್ಟುಕೊಳ್ಳಿ.