ಪೀಸ್ ಕೆಟ್ಟ ಮೇಲಿನ ಒಂದು ನಿಮಿಷ: ಗಾರ್ಮೆಂಟ್ಸ್ ಸೂಪರ್‌ವೈಸರ್‌ಗಳಿಗೆ ನಾವು ಕೊಡುವ ತರಬೇತಿ

ಮನೋಭಾವದ ತರಬೇತಿ ಬೇಕೆಂದು ಕರೆಯುವ ಗಾರ್ಮೆಂಟ್ಸ್ ಕಾರ್ಖಾನೆಗಳು ಸಾಮಾನ್ಯವಾಗಿ ಕೇಳುವುದು ಒಂದೇ: ಟೈಲರ್‌ಗಳನ್ನು ಕೂರಿಸಿಕೊಂಡು ಎರಡು ಗಂಟೆ ಮಾತಾಡಿ, ಸ್ವಲ್ಪ ಹುರುಪು ತುಂಬಿ. ಇದಕ್ಕೆ ನಾವು ಒಪ್ಪುವುದಿಲ್ಲ. ನಮ್ಮ ತರಬೇತಿ ಶುರುವಾಗುವುದು ಲೈನ್ ಸೂಪರ್‌ವೈಸರ್‌ಗಳಿಂದ, ಅಂದರೆ ಹೊಲಿಗೆ ಮಷಿನ್‌ಗಳ ಒಂದೊಂದು ಸಾಲನ್ನು ನೋಡಿಕೊಳ್ಳುವವರಿಂದ. ಪೀಸ್ ಕೆಟ್ಟ ಮೇಲಿನ ಒಂದು ನಿಮಿಷದಲ್ಲಿ ಅವರ ಬಾಯಿಂದ ಏನು ಬರುತ್ತದೋ ಅದರ ಮೇಲೆ ಅದನ್ನು ಹೊಲಿದ ಹೆಣ್ಣುಮಗಳು 'ಕಲಿತರೆ ಬರುತ್ತೆ' ಅಂದುಕೊಳ್ಳುತ್ತಾಳೋ, 'ನನ್ನ ಕೈಲಿ ಆಗಲ್ಲ' ಅಂದುಕೊಳ್ಳುತ್ತಾಳೋ ತೀರ್ಮಾನವಾಗುತ್ತದೆ. ದಿನಕ್ಕೆ ಎಂಟು ಗಂಟೆ ಬೈಗುಳ ಕೇಳುವವರಿಗೆ ವಾರಕ್ಕೊಂದು ಗಂಟೆಯ ಪಾಠ ತಾಗುವುದಿಲ್ಲ.

ಹಿನ್ನೆಲೆ ಇಷ್ಟು. ಮನಶ್ಶಾಸ್ತ್ರಜ್ಞರಾದ ಕರೋಲ್ ಡ್ವೆಕ್ ಮತ್ತು ಕ್ಲಾಡಿಯಾ ಮುಲ್ಲರ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, 'ನೀನು ಜಾಣ' ಎಂದು ಹೊಗಳಿಸಿಕೊಂಡ ಮಕ್ಕಳು ಮುಂದೆ ಕಷ್ಟದ ಸಮಸ್ಯೆ ಬಂದಾಗ ಬೇಗ ಕೈಚೆಲ್ಲಿದರು; 'ಚೆನ್ನಾಗಿ ಶ್ರಮಪಟ್ಟೆ' ಎಂದು ಕೇಳಿಸಿಕೊಂಡವರು ಮುಂದುವರಿದರು. ಆಮೇಲೆ 'ಕಲಿತರೆ ಸಾಮರ್ಥ್ಯ ಬೆಳೆಯುತ್ತದೆ' ಎಂಬ ಈ ಮನೋಭಾವದ ಪಾಠ ಮಂತ್ರದಂತೆ ಮಾರಾಟವಾಯಿತು. 2019ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅಮೆರಿಕದ ದೊಡ್ಡ ಶಾಲಾ ಅಧ್ಯಯನ ಈ ಪಾಠಕ್ಕೆ ಪರಿಣಾಮ ಇದೆ ಎಂದಿತು, ಆದರೆ ಅದು ಚಿಕ್ಕದು. ಕಷ್ಟದ ಕೆಲಸಕ್ಕೆ ಕೈಹಾಕುವುದನ್ನು ಜೊತೆಗಾರರೂ ಒಪ್ಪುವಂಥ ಶಾಲೆಗಳಲ್ಲಿ ಹೆಚ್ಚು ಕಂಡಿತು. ನಮ್ಮ ಕೆಲಸಕ್ಕೆ ಈ ಕೊನೆಯ ಮಾತೇ ಮುಖ್ಯ. 'ಹಾಡ್ತಾ ಹಾಡ್ತಾ ರಾಗ' ಎಂಬುದನ್ನು ಯಾವ ಟೈಲರ್‌ಗೂ ಹೇಳಿಕೊಡಬೇಕಿಲ್ಲ. ಹಾಡಲು ಬಿಡದ ಫ್ಲೋರ್ ಅನ್ನು ಸರಿಮಾಡಬೇಕು.

ಒಂದು ಬ್ಯಾಚ್‌ಗೆ 12ರಿಂದ 16 ಸೂಪರ್‌ವೈಸರ್‌ಗಳು. ತಲಾ 90 ನಿಮಿಷದ ಆರು ತರಗತಿ, ಎರಡು ವಾರಕ್ಕೊಂದು. ನಡುವಿನ ವಾರ ತರಬೇತುದಾರ ಫ್ಲೋರ್‌ನಲ್ಲಿರುತ್ತಾರೆ, ಒಬ್ಬೊಬ್ಬ ಸೂಪರ್‌ವೈಸರ್ ಜೊತೆ ಅರ್ಧ ಗಂಟೆ. ಮೂರನೇ ತರಗತಿ ಮುಗಿದ ಮೇಲೆ ಟೈಲರ್‌ಗಳ ಬ್ಯಾಚ್: 20 ಜನ, ವಾರಕ್ಕೊಂದು ಗಂಟೆ, ಎಂಟು ವಾರ. ಎಲ್ಲವೂ ಡ್ಯೂಟಿ ಸಮಯದಲ್ಲೇ. ಸಂಜೆ ಬಸ್ಸು ಹೊರಟ ಮೇಲೆ ಇಟ್ಟರೆ ಯಾರೂ ನಿಲ್ಲುವುದಿಲ್ಲ, ನಿಲ್ಲಿಸಲೂಬಾರದು. ತಿಂಗಳ ಕೊನೆಯ ವಾರ ಮತ್ತು ಶಿಪ್‌ಮೆಂಟ್ ಇರುವ ದಿನ ಬೇಡ.

ತರಬೇತಿ ಹಾಳಾಗುವುದು ಹೆಚ್ಚಾಗಿ ಟಾರ್ಗೆಟ್ ಲೆಕ್ಕದಲ್ಲಿ. ಒಂದು ಲೈನ್‌ನಲ್ಲಿ 40 ಜನ, ಶರ್ಟಿನ ಎಸ್‌ಎಎಂ (ಒಂದು ಪೀಸ್ ಹೊಲಿಯಲು ನಿಗದಿಯಾದ ಸಮಯ) 20 ನಿಮಿಷ, ಲೈನ್ ಎಫಿಶಿಯೆನ್ಸಿ ಶೇ. 50 ಎಂದಿಟ್ಟುಕೊಳ್ಳಿ. ಗಂಟೆಗೆ 40 × 60 = 2,400 ನಿಮಿಷ; ಅದರ ಅರ್ಧ 1,200; ಅದನ್ನು 20ರಿಂದ ಭಾಗಿಸಿದರೆ ಗಂಟೆಗೆ 60 ಪೀಸ್. ಈ ಲೈನ್‌ನಿಂದ ನಾಲ್ಕು ಜನ ತರಬೇತಿಗೆ ಬಂದರೆ ಉಳಿಯುವುದು 36 ಜನ, ಆ ಗಂಟೆಗೆ ಟಾರ್ಗೆಟ್ 54. ಈ 54 ಅನ್ನು ಟಾರ್ಗೆಟ್ ಲೆಕ್ಕ ಹಾಕುವ ಐಇ (ಇಂಡಸ್ಟ್ರಿಯಲ್ ಎಂಜಿನಿಯರಿಂಗ್) ವಿಭಾಗದವರು ಬೆಳಗ್ಗೆಯೇ ಬೋರ್ಡ್ ಮೇಲೆ ಬರೆಯಬೇಕು. ಬರೆಯದಿದ್ದರೆ ಆರು ಪೀಸಿನ ಹೊರೆ ಉಳಿದವರ ತಲೆ ಮೇಲೆ ಬೀಳುತ್ತದೆ, ತರಬೇತಿ ಮುಗಿಸಿ ಬಂದವರನ್ನು ಅವರು 'ಆರಾಮಾಗಿ ಕೂತು ಬಂದ್ರಾ?' ಎಂದು ಸ್ವಾಗತಿಸುತ್ತಾರೆ. ಒಂದೇ ಆಪರೇಷನ್‌ನ ಇಬ್ಬರನ್ನು ಒಟ್ಟಿಗೆ ಕರೆಯಬಾರದು. ಕಾಲರ್ ಅಟ್ಯಾಚ್ ಮಾಡುವ ಇಬ್ಬರೂ ಎದ್ದರೆ ಲೆಕ್ಕ ಏನೇ ಹೇಳಲಿ, ಮುಂದಿನ ಮಷಿನ್‌ಗಳಿಗೆ ಪೀಸೇ ಬರುವುದಿಲ್ಲ.

ಮೊದಲ ತರಗತಿಯಲ್ಲಿ ಪ್ರೊಜೆಕ್ಟರ್ ಇಲ್ಲ. ಮೇಜಿನ ಮೇಲೆ ಮುರಿದ ಸೂಜಿಗಳ ರಿಜಿಸ್ಟರ್ ಇಡುತ್ತೇವೆ. ಸೂಜಿ ಮುರಿದರೆ ಏನು ಮಾಡಬೇಕೆಂದು ಎಲ್ಲರಿಗೂ ಬಾಯಿಪಾಠ: ಮಷಿನ್ ಆಫ್ ಮಾಡು, ಚೂರುಗಳನ್ನೆಲ್ಲ ಹುಡುಕು, ರಿಜಿಸ್ಟರ್‌ಗೆ ಟೇಪ್ ಹಾಕಿ ಅಂಟಿಸು, ಚೂರು ಸೇರಿಸಿದರೆ ಪೂರ್ತಿ ಸೂಜಿ ಆಗುತ್ತದೆಂದು ತೋರಿಸಿ ಹೊಸದನ್ನು ಪಡೆ. ಚೂರು ಸಿಗದಿದ್ದರೆ ಬಂಡಲ್ ಪಕ್ಕಕ್ಕೆ, ನೀಡಲ್ ಡಿಟೆಕ್ಟರ್‌ಗೆ. ಇನ್ನೊಂದು ಹಾಳೆಯಲ್ಲಿ ಸ್ಟೋರ್‌ನವರು ತಿಂಗಳಲ್ಲಿ ಕೊಟ್ಟ ಸೂಜಿಗಳ ಲೆಕ್ಕ ಇರುತ್ತದೆ. ಎರಡನ್ನೂ ಲೈನ್‌ವಾರು ಹೊಂದಿಸಿ ನೋಡಿ ಎನ್ನುತ್ತೇವೆ. ಯಾವುದೋ ಒಂದು ಲೈನ್‌ನಲ್ಲಿ ನಮೂದು ಸೊನ್ನೆ ಇರುತ್ತದೆ. ತಿಂಗಳಿಡೀ 40 ಮಷಿನ್ ಓಡಿ ಒಂದೂ ಸೂಜಿ ಮುರಿಯಲಿಲ್ಲ ಎಂದರೆ ನಂಬುವವರು ಯಾರು? ಬೈಗುಳಕ್ಕೆ ಹೆದರಿ ಚೂರನ್ನು ಕಸಕ್ಕೆ ಹಾಕಿ, ಪಕ್ಕದವಳ ಹತ್ತಿರ ಸೂಜಿ ಇಸಿದುಕೊಂಡು ಹೊಲಿಗೆ ಮುಂದುವರಿದಿದೆ ಎಂದೇ ಅದರ ಅರ್ಥ. ಆ ಚೂರು ಮಗುವಿನ ಅಂಗಿಯಲ್ಲಿ ಉಳಿದರೆ ಏನಾಗುತ್ತದೆ ಎಂದು ಸೂಪರ್‌ವೈಸರ್‌ಗಳಿಗೆ ಬಿಡಿಸಿ ಹೇಳಬೇಕಿಲ್ಲ.

ಸಂಶೋಧಕಿ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ ಕಂಡದ್ದನ್ನು ಇಲ್ಲಿ ಹೇಳುತ್ತೇವೆ: ಒಳ್ಳೆಯ ತಂಡಗಳ ಲೆಕ್ಕದಲ್ಲಿ ಔಷಧದ ತಪ್ಪುಗಳು ಕಡಿಮೆ ಇರಲಿಲ್ಲ, ಹೆಚ್ಚಿದ್ದವು. ಅಲ್ಲಿನವರು ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದರು. ರಿಜಿಸ್ಟರ್ ಕಣ್ಣೆದುರಿಗಿರುವಾಗ ಈ ಮಾತು ತಟ್ಟನೆ ಹೊಳೆಯುತ್ತದೆ.

ಎರಡನೆಯ ಮತ್ತು ಮೂರನೆಯ ತರಗತಿ ಪೂರ್ತಿ ಮಾತಿನ ಅಭ್ಯಾಸಕ್ಕೆ. ಚೆಕಿಂಗ್ ಟೇಬಲ್‌ನಿಂದ ನಿಜವಾದ ಆಲ್ಟರ್ ಪೀಸ್‌ಗಳನ್ನೇ (ದೋಷ ಕಂಡು ಸರಿಮಾಡಲು ತೆಗೆದಿಟ್ಟವು) ತರುತ್ತೇವೆ, ತಲೆಗೆ ಎರಡು. ಇಬ್ಬಿಬ್ಬರು ಎದುರುಬದುರು ಕೂರುತ್ತಾರೆ. ಒಬ್ಬರು ಟೈಲರ್, ಒಬ್ಬರು ಸೂಪರ್‌ವೈಸರ್. ಮೊದಲು ದಿನಾ ಹೇಳುವಂತೆಯೇ ಹೇಳಿ ಎಂದರೆ ಸಲೀಸಾಗಿ ಬರುತ್ತದೆ: 'ಎಷ್ಟು ಸಲ ಹೇಳ್ಬೇಕು ನಿಂಗೆ? ಕೈಲಾಗಲ್ಲ ಅಂದ್ರೆ ಬಿಟ್ಟು ಹೋಗು.' ಈಗ ಇದೇ ಪೀಸ್ ಹಿಡಿದು ಮೂರು ಸಂಗತಿ ಮಾತ್ರ ಹೇಳಬೇಕು: ಏನು ಕಂಡಿತು, ಎಷ್ಟು, ಕೈಯ ಯಾವ ಚಲನೆ ನೋಡಬೇಕು. 'ಅಕ್ಕ, ಈ ಮೂರು ಪೀಸಲ್ಲಿ ಕಾಲರ್ ಎಡಕ್ಕೆ ಎರಡು ಎಂಎಂ ಜಾರಿದೆ. ನಾಚ್ (ಗುರುತಿನ ಕಚ್ಚು) ಸೇರಿಸುವಾಗ ಎಲ್ಲಿ ಹಿಡೀತೀರಿ, ಒಂದ್ಸಲ ತೋರಿಸಿ.' ಇಷ್ಟಕ್ಕೆ 15 ಸೆಕೆಂಡು ಸಾಕು. ಸಮಯವಿಲ್ಲ ಎನ್ನುವವರಿಗೆ ಮೊಬೈಲ್‌ನ ಸ್ಟಾಪ್‌ವಾಚ್ ತೋರಿಸಿ. ಬೈಯಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿದಿರುತ್ತದೆ.

ವಯಸ್ಸಿನಲ್ಲಿ ಹಿರಿಯರನ್ನೂ 'ನೀನು' ಎನ್ನುವ ರೂಢಿ ಬಹಳ ಫ್ಲೋರ್‌ಗಳಲ್ಲಿದೆ. ನಿಯಮ ಮಾಡಿ ಅದನ್ನು ಬಿಡಿಸಲು ಹೋಗುವುದಿಲ್ಲ. ಅಭ್ಯಾಸದಲ್ಲಿ ಟೈಲರ್ ಆಗಿ ಕೂತ ಸೂಪರ್‌ವೈಸರ್ ಎರಡು ಸಲ 'ಲೇ' ಅನ್ನಿಸಿಕೊಂಡರೆ ತಾನೇ ಬದಲಾಗುತ್ತಾನೆ, ಎಲ್ಲರೂ ಅಲ್ಲದಿದ್ದರೂ.

ಹೊಗಳಿಕೆಗೂ ಇದೇ ಅಳತೆ. 'ಸೂಪರ್ ಅಕ್ಕ' ಎಂದರೆ ಏನೂ ಹೇಳಿದಂತಾಗಲಿಲ್ಲ. 'ನಿನ್ನೆ ಗಂಟೆಗೆ 35 ಬರ್ತಿತ್ತು, ಇವತ್ತು 42. ಬಂಡಲ್ ಎಡಗಡೆ ಇಟ್ಕೊಂಡಿದ್ದು ಕೆಲಸ ಮಾಡ್ತು' ಎಂದರೆ ಮುಂದೇನು ಮಾಡಬೇಕೆಂದು ಆಕೆಗೆ ಗೊತ್ತಾಗುತ್ತದೆ. ಒಂದು ಎಚ್ಚರ: ಪೀಸ್ ಸರಿಯಾಗದೆ ಇದ್ದಾಗಲೂ 'ಪ್ರಯತ್ನ ಚೆನ್ನಾಗಿದೆ' ಎನ್ನುವ ಚಟ ತರಬೇತಿಯಾದ ಹೊಸದರಲ್ಲಿ ಹತ್ತಿಕೊಳ್ಳುತ್ತದೆ. ಟೈಲರ್‌ಗಳಿಗೆ ಅದು ಸಮಾಧಾನದ ಮಾತೆಂದು ಗೊತ್ತಾಗುತ್ತದೆ. ವಿಧಾನ ಬದಲಾಗದೆ ಅದೇ ಶ್ರಮವನ್ನು ಮತ್ತೆ ಮತ್ತೆ ಹಾಕಿಸುವುದು ಕಲಿಕೆಯಲ್ಲ.

ನಾಲ್ಕನೆಯ ತರಗತಿ ಟ್ರೈನಿಂಗ್ ಸೆಂಟರ್‌ನ ಸಿಂಗಲ್ ನೀಡಲ್ ಮಷಿನ್‌ಗಳ ಮುಂದೆ. ತಪ್ಪು ಮಾಡಿಸಿಯೇ ಕಲಿಸುವ ಈ ಕ್ರಮವನ್ನು ಜರ್ಮನಿಯ ಮೈಕೆಲ್ ಫ್ರೇಸೆ ಮತ್ತು ಸಂಗಡಿಗರು ಕಂಪ್ಯೂಟರ್ ತರಬೇತಿಯಲ್ಲಿ ಬೆಳೆಸಿದರು. ಹೊಲಿಗೆಗೂ ಚೆನ್ನಾಗಿ ಹೊಂದುತ್ತದೆ. ಪ್ರತಿ ಮಷಿನ್‌ಗೂ ಮೂರು ದೋಷ ತುಂಬಿ ಇಡುತ್ತೇವೆ: ಮೇಲಿನ ದಾರದ ಟೆನ್ಷನ್ ಬಿಗಿ, ಬಾಬಿನ್ ಕೇಸ್‌ನ ಸ್ಪ್ರಿಂಗ್ ಕೆಳಗೆ ದಾರ ಸೇರಿಸಿಲ್ಲ, ಸೂಜಿಯ ಉದ್ದ ಗೀರು ಎಡಕ್ಕಿರಬೇಕಾದದ್ದು ಬಲಕ್ಕೆ. ಮೊದಲಿನದರಿಂದ ಬಟ್ಟೆ ಸುಕ್ಕುಗಟ್ಟುತ್ತದೆ, ಎರಡನೆಯದರಿಂದ ಹೊಲಿಗೆ ಸಡಿಲ, ಮೂರನೆಯದರಿಂದ ಹೊಲಿಗೆ ಹಾರುತ್ತದೆ ಅಥವಾ ಬೀಳುವುದೇ ಇಲ್ಲ. ಕಾಲಾವಕಾಶ 12 ನಿಮಿಷ. ಮೆಕ್ಯಾನಿಕ್ ಕರೆಯುವಂತಿಲ್ಲ. ಸೂಜಿ ಮುಟ್ಟುವ ಮೊದಲು ಸ್ವಿಚ್ ಆಫ್, ಇದಕ್ಕೆ ವಿನಾಯಿತಿ ಇಲ್ಲ. ಎದುರಿಗೆ ದೊಡ್ಡಕ್ಷರದಲ್ಲಿ ಒಂದು ಸಾಲು: 'ತಪ್ಪಾಯ್ತಾ? ಏನು ಬದಲಾಯಿತು ನೋಡಿ, ಬರೆದಿಡಿ.' ಒಂದು ಸಲಕ್ಕೆ ಒಂದನ್ನೇ ಬದಲಿಸಿ ಹೊಲಿದು ನೋಡಬೇಕು. ಹೆಚ್ಚಿನವರು ಮೂರನ್ನೂ ಒಟ್ಟಿಗೆ ತಿರುಗಿಸಿ, ಹೊಲಿಗೆ ಸರಿಯಾದ ಮೇಲೂ ಯಾವುದರಿಂದ ಸರಿಯಾಯಿತೆಂದು ಹೇಳಲಾರದೆ ಹೋಗುತ್ತಾರೆ. ಚರ್ಚೆಗೆ ಅಷ್ಟೇ ಸಾಕು.

ಐದನೇ ತರಗತಿ ಕುಸಿದು ಮತ್ತೆ ಏಳುವ ಗಟ್ಟಿತನದ್ದು. ಇಲ್ಲಿ ಉಸಿರಾಟದ ವ್ಯಾಯಾಮಕ್ಕಿಂತ ಗಂಟೆಯ ಬೋರ್ಡ್, ಅಂದರೆ ಪ್ರತಿ ಗಂಟೆಯ ಟಾರ್ಗೆಟ್ ಬರೆಯುವ ಬೋರ್ಡ್, ಹೆಚ್ಚು ಕೆಲಸ ಮಾಡುತ್ತದೆ. ರೂಢಿಯಲ್ಲಿ ಒಂಬತ್ತರಿಂದ ಹತ್ತರವರೆಗೆ 12 ಪೀಸ್ ಕಡಿಮೆ ಬಂದರೆ ಅದನ್ನು ಮುಂದಿನ ಗಂಟೆಗೆ ಕೂಡಿಸುತ್ತಾರೆ. 60 ಇದ್ದದ್ದು 72, ಆಮೇಲೆ 85. ಮಧ್ಯಾಹ್ನದ ಹೊತ್ತಿಗೆ ಯಾರಿಂದಲೂ ಆಗದ ಅಂಕಿ ಬೋರ್ಡ್ ಮೇಲಿರುತ್ತದೆ, ಲೈನ್ ಮನಸ್ಸಿನಲ್ಲೇ ಕೈಬಿಟ್ಟಿರುತ್ತದೆ. ನಾವು ಬೋರ್ಡ್‌ಗೆ ಎರಡು ಕಾಲಂ ಸೇರಿಸುತ್ತೇವೆ: ಕೊರತೆ ಮತ್ತು ಕಾರಣ. ಪ್ರತಿ ಗಂಟೆಯ ಟಾರ್ಗೆಟ್ ಮತ್ತೆ 60ರಿಂದಲೇ. ಕೊರತೆ ಪಕ್ಕದಲ್ಲಿ ಉಳಿಯುತ್ತದೆ, ಅದನ್ನು ಹೇಗೆ ತುಂಬುವುದೆಂಬುದು ಊಟದ ನಂತರದ ಐದು ನಿಮಿಷದ ಮಾತುಕತೆಗೆ. ಕಾರಣದ ಕಾಲಂನಲ್ಲಿ ಹೆಸರು ಬರೆಯುವಂತಿಲ್ಲ. 'ಕಫ್ ಕಟಿಂಗ್ ತಡ', 'ಓವರ್‌ಲಾಕ್ ಕೆಟ್ಟಿತ್ತು', 'ಹೊಸ ಸ್ಟೈಲ್' ಹೀಗೆ. ಇದಕ್ಕೆ ಪ್ರೊಡಕ್ಷನ್ ಮ್ಯಾನೇಜರ್ ಒಪ್ಪದಿದ್ದರೆ ಐದನೇ ತರಗತಿ ನಡೆಸುವುದೇ ವ್ಯರ್ಥ. ಹಾಗಾಗಿ ಒಪ್ಪಿಗೆಯನ್ನು ಶುರುವಿನಲ್ಲೇ ಬರಹದಲ್ಲಿ ಪಡೆಯುತ್ತೇವೆ.

ಸೂಪರ್‌ವೈಸರ್‌ಗಳಿಗೂ ಮೇಲಿನವರಿಂದ ಬೀಳುತ್ತದೆ. ಅದನ್ನು ಹೊತ್ತುಕೊಂಡು ನೇರ ಲೈನ್‌ಗೆ ಬಂದರೆ ಮೊದಲು ಸಿಕ್ಕವರ ಮೇಲೆ ಇಳಿಯುತ್ತದೆ. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ ಅವರ 'ಹೀಗಾದರೆ ಹೀಗೆ ಮಾಡುತ್ತೇನೆ' ಎಂಬ ಯೋಜನೆಯ ಕ್ರಮ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಪ್ರತಿಯೊಬ್ಬರೂ ಒಂದೇ ಒಂದು ವಾಕ್ಯ ಬರೆದು ಐಡಿ ಕಾರ್ಡ್ ಹಿಂದೆ ಇಟ್ಟುಕೊಳ್ಳುತ್ತಾರೆ. 'ತಾಳ್ಮೆಯಿಂದ ಇರುತ್ತೇನೆ' ಎಂದು ಬರೆದರೆ ತಿರುಗಿ ಕೊಡುತ್ತೇವೆ. 'ಮೀಟಿಂಗ್‌ನಲ್ಲಿ ಬೈಸಿಕೊಂಡು ಬಂದರೆ ಲೈನ್‌ಗೆ ಹೋಗುವ ಮೊದಲು ಟ್ರಿಮ್ಸ್ ಸ್ಟೋರ್‌ಗೆ ಹೋಗಿ ದಾರದ ಸ್ಟಾಕ್ ನೋಡಿಕೊಂಡು ಬರ್ತೀನಿ' ಎಂದರೆ ಸರಿ. ಜಾಗವೂ ಕೆಲಸವೂ ಅದರಲ್ಲಿವೆ, ನಾಲ್ಕು ನಿಮಿಷದ ಬಿಡುವೂ ಸಿಗುತ್ತದೆ, ಯಾರೂ ಪ್ರಶ್ನೆ ಮಾಡುವುದಿಲ್ಲ.

ಟೈಲರ್‌ಗಳ ಬ್ಯಾಚ್‌ನ ತಿರುಳು ಸ್ಕಿಲ್ ಮ್ಯಾಟ್ರಿಕ್ಸ್. ಗೋಡೆಗೆ ಒಂದು ಚಾರ್ಟ್, ಪ್ರತಿ ಹೆಸರಿನ ಮುಂದೆ ಪ್ರತಿ ಆಪರೇಷನ್‌ಗೂ ನಾಲ್ಕು ಭಾಗದ ವೃತ್ತ. ಕಾಲು ಭಾಗ ತುಂಬಿದರೆ ಕಲಿಯುತ್ತಿದ್ದಾರೆ, ಅರ್ಧ ಎಂದರೆ ಯಾರಾದರೂ ನೋಡುತ್ತಿದ್ದರೆ ಮಾಡುತ್ತಾರೆ, ಮುಕ್ಕಾಲು ಎಂದರೆ ತಾವಾಗಿ ಟಾರ್ಗೆಟ್ ಕೊಡುತ್ತಾರೆ, ಪೂರ್ತಿ ಎಂದರೆ ಇನ್ನೊಬ್ಬರಿಗೆ ಕಲಿಸುತ್ತಾರೆ. ಎಂಟು ವಾರದಲ್ಲಿ ಒಬ್ಬೊಬ್ಬರೂ ಒಂದೇ ಹೊಸ ಆಪರೇಷನ್ ಆರಿಸಿಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ಅವರ ಕೈಯಿಂದ ಪೂರ್ಣ ಟಾರ್ಗೆಟ್ ಕೇಳಬಾರದು, ಇಲ್ಲದಿದ್ದರೆ ಎರಡನೇ ದಿನವೇ ಹಳೆಯ ಮಷಿನ್‌ಗೆ ಮರಳುತ್ತಾರೆ.

ಚಾರ್ಟಿಗೆ ಕೂಲಿಯ ಗಂಟು ಹಾಕುವುದು ನಮ್ಮ ಹಟ. ಗ್ಯಾಪ್ ಕಂಪನಿ 2007ರಲ್ಲಿ ಗಾರ್ಮೆಂಟ್ಸ್ ಮಹಿಳೆಯರಿಗಾಗಿ ಆರಂಭಿಸಿದ 'ಪೇಸ್' ತರಬೇತಿಯನ್ನು ಅರ್ಥಶಾಸ್ತ್ರಜ್ಞರು ಬೆಂಗಳೂರಿನ ಕಾರ್ಖಾನೆಗಳಲ್ಲಿ ಚೀಟಿ ಎತ್ತಿ ಆರಿಸಿದವರ ಮೇಲೆ ಪರೀಕ್ಷಿಸಿದ್ದಾರೆ. ತರಬೇತಿ ಪಡೆದವರ ಉತ್ಪಾದಕತೆ ಏರಿತು, ಜೊತೆಗೆ ಕೆಲಸ ಮಾಡುವ ಇತರರದ್ದೂ ಏರಿತು. ಕೂಲಿ ಮಾತ್ರ ಹೆಚ್ಚುಕಡಿಮೆ ಅಲ್ಲೇ ಉಳಿಯಿತು. ಕಲಿತರೆ ಬೆಳೆಯುತ್ತೀರಿ ಎಂದು ಹೇಳಿಕೊಟ್ಟು ಬೆಳೆದದ್ದನ್ನು ಕಂಪನಿಯೇ ಇಟ್ಟುಕೊಂಡರೆ ಮುಂದಿನ ಬ್ಯಾಚ್ ನಮ್ಮ ಮಾತು ನಂಬುವುದಿಲ್ಲ. ಎಷ್ಟು ಮುಕ್ಕಾಲು ವೃತ್ತಕ್ಕೆ ಯಾವ ಗ್ರೇಡ್ ಎಂದು ಚಾರ್ಟ್ ಕೆಳಗೇ ಬರೆಸುತ್ತೇವೆ. ಕೆಲವು ಕಡೆ ಒಪ್ಪುತ್ತಾರೆ.

ಯಾವುದಕ್ಕೆ ಈ ತರಬೇತಿ ಮದ್ದಲ್ಲ ಎಂಬುದೂ ಸ್ಪಷ್ಟವಿರಬೇಕು. ಶೌಚಕ್ಕೆ ಹೋಗಲು ಬಿಡುವಿಲ್ಲ, ಓಟಿಗೆ (ಹೆಚ್ಚುವರಿ ಅವಧಿಯ ಕೆಲಸಕ್ಕೆ) ದುಪ್ಪಟ್ಟು ಕೂಲಿ ಕೊಡುತ್ತಿಲ್ಲ, ಬೇಸಿಗೆಯಲ್ಲಿ ಫ್ಯಾನ್ ಓಡುತ್ತಿಲ್ಲ ಎಂಬ ದೂರಿಗೆ 'ಮನಸ್ಸು ಗಟ್ಟಿ ಮಾಡ್ಕೊಳ್ಳಿ' ಎಂಬ ಉತ್ತರ ಕೊಡಬಾರದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ (ಕೆಲಸದಿಂದ ಬಳಲಿ ಬತ್ತಿಹೋಗುವುದು) ಅನ್ನು ವಿವರಿಸುವಾಗ ಕೆಲಸದ ಸ್ಥಳದ ನಿಭಾಯಿಸದ ಒತ್ತಡದ ಫಲವೆಂದೇ ಹೇಳಿದೆ. ಲೈಂಗಿಕ ಕಿರುಕುಳದ ಮಾತು ಬಂದರೆ ಅದು 2013ರ ಕಾಯ್ದೆಯ ಆಂತರಿಕ ಸಮಿತಿಗೆ ಹೋಗಬೇಕು, ನಮ್ಮ ಚರ್ಚೆಗಲ್ಲ. ನಿದ್ದೆ ಹಾರಿಹೋಗಿದೆ, ಬದುಕು ಬೇಡವೆನಿಸುತ್ತಿದೆ ಎಂದು ಯಾರಾದರೂ ಹೇಳಿದರೆ ತರಬೇತುದಾರ ಸಲಹೆಗಾರನಾಗಲು ಹೋಗಬಾರದು. ಅವರ ಜೊತೆಗಿದ್ದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿಸುವುದು. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಅಳೆಯಲು ಮನೋಭಾವದ ಪ್ರಶ್ನಾವಳಿ ಹಂಚುವುದಿಲ್ಲ. ಎಚ್‌ಆರ್ ಕೊಟ್ಟ ಹಾಳೆಯಲ್ಲಿ ಎಲ್ಲರೂ ಐದಕ್ಕೆ ಐದು ಹಾಕುತ್ತಾರೆ. ನೋಡುವುದು ನಾಲ್ಕನ್ನು: ಸೂಜಿ ರಿಜಿಸ್ಟರ್‌ನ ನಮೂದು, ಲೈನ್‌ನ ಡಿಎಚ್‌ಯು (ನೂರು ಪೀಸಿಗೆ ಸಿಕ್ಕ ದೋಷಗಳ ಸಂಖ್ಯೆ), ಗೈರುಹಾಜರಿ, ಮ್ಯಾಟ್ರಿಕ್ಸ್‌ನಲ್ಲಿ ತುಂಬಿದ ಕಾಲುಭಾಗಗಳು. ಮೊದಲ ತಿಂಗಳು ಸೂಜಿ ನಮೂದೂ ಡಿಎಚ್‌ಯುವೂ ಏರುತ್ತವೆ, ಮುಚ್ಚಿಟ್ಟದ್ದು ಹೊರಗೆ ಬರುವುದರಿಂದ. ಇದನ್ನು ಮ್ಯಾನೇಜ್‌ಮೆಂಟ್‌ಗೆ ಮೊದಲೇ ತಿಳಿಸದಿದ್ದರೆ 'ತರಬೇತಿಯಿಂದ ಕ್ವಾಲಿಟಿ ಕೆಟ್ಟಿತು' ಎಂದು ಮೂರನೇ ತರಗತಿಗೇ ನಿಲ್ಲಿಸುತ್ತಾರೆ. ಡಿಎಚ್‌ಯು ಇಳಿಯತೊಡಗಿದಾಗ ಸೂಜಿ ನಮೂದೂ ಅದರ ಜೊತೆಗೇ ದಿಢೀರನೆ ಸೊನ್ನೆಗೆ ಬಂದರೆ ಖುಷಿಪಡಬೇಡಿ, ಸ್ಟೋರ್ ಲೆಕ್ಕ ತರಿಸಿ ನೋಡಿ.

ಸೂಪರ್‌ವೈಸರ್ ಬದಲಾದರೆ ಲೈನ್ ಮೂರೇ ವಾರದಲ್ಲಿ ಹಳೆಯ ದಾರಿಗೆ ಬೀಳಬಹುದು. ಹೊಸಬರನ್ನು ನೇರ ಲೈನ್‌ಗೆ ಹಾಕದೆ, ತರಬೇತಿಯಾದ ಸೂಪರ್‌ವೈಸರ್ ಪಕ್ಕದಲ್ಲಿ ಹದಿನೈದು ದಿನ ನಿಲ್ಲಿಸಿ. ಗಂಟೆಯ ಬೋರ್ಡ್‌ನ ಕಾರಣದ ಕಾಲಂ ಬರೆಯುವ ಕೆಲಸ ಅಷ್ಟೂ ದಿನ ಅವರದೇ ಇರಲಿ.